ನನ್ನ ಅಳತೆಯ ರೈಫಲ್

ನನ್ನ ಗಂಡನದು ಕನ್ನಡಕದ ಅಂಗಡಿ. ಗಿರಾಕಿ ಬಂದರೆ ಸಾಕು, ತಮ್ಮ ಮೂಗಿನ ಮೇಲಿನ ದಪ್ಪ ಫ್ರೇಮನ್ನು ತೆಗೆದು ಮೇಜಿಗೆ ಟಪ್ಪೆಂದು ಬಡಿಯುತ್ತಾರೆ. “ನೋಡಿ, ಸುತ್ತಿಗೇಲಿ ಹೊಡೆದ್ರೂ ಒಡೆಯಲ್ಲ. ನಾನು ಹಾಕ್ಕೊಳ್ಳೋದೂ ಇದೇ!” ಆ ಕನ್ನಡಕಕ್ಕೆ ಪವರ್ರೇ ಇಲ್ಲ. ಅವರದು ಹದ್ದಿನ ಕಣ್ಣು. ಕನ್ನಡಕ ಹಾಕದವನನ್ನು ನಂಬಿ ಯಾರು ಕನ್ನಡಕ ಕೊಳ್ಳುತ್ತಾರೆ ಎಂದು ಇಪ್ಪತ್ತೆರಡು ವರ್ಷದಿಂದ ಈ ನಾಟಕ. ಗೊತ್ತಿರುವುದು ನನಗೊಬ್ಬಳಿಗೇ, ನಾನು ಯಾರ ಮುಂದೆಯೂ ಬಾಯಿ ಬಿಟ್ಟಿಲ್ಲ.

ನಾನು ಟೈಲರ್. ಕಂಡವರ ಅಳತೆಗೆಲ್ಲ ಹೊಲಿಯುತ್ತಲೇ ವಯಸ್ಸು ನಲವತ್ತೇಳಾಯಿತು. ಒಂದು ದಿನ ಶೂಟಿಂಗ್ ಕ್ಲಬ್ಬಿಗೆ ಯಾರದೋ ಜಾಕೆಟ್ ತಲುಪಿಸಲು ಹೋದಾಗ, ಅಲ್ಲಿಯ ಕೋಚ್ ಮೇಡಂ ತಮಾಷೆಗೆ ರೈಫಲ್ ಕೊಟ್ಟು ಒಂದು ಗುಂಡು ಹೊಡೆಸಿದರು. ಹೊಡೆದೆ. ಮನೆಗೆ ಬಂದವಳೇ, “ರೀ, ನಂಗೆ ರೈಫಲ್ ಬೇಕು” ಅಂದೆ. ಹೊಸಬರ ತಂಡದಲ್ಲಿ ಉಳಿದದ್ದು ಒಂದೇ ಜಾಗ. ಸ್ವಂತ ಏರ್ ರೈಫಲ್ ತರಬೇಕು, ಹತ್ತು ಗುಂಡಿನಲ್ಲಿ ಏಳು ಕಪ್ಪು ವೃತ್ತದೊಳಗೆ ಬೀಳಬೇಕು. ಆ ಜಾಗ ನನ್ನದಾಗಲೇಬೇಕು ಎಂದು ನಿರ್ಧರಿಸಿಬಿಟ್ಟೆ.

ಬಂದೂಕಿನ ಅಂಗಡಿಯವನು ನಾನು ಅಲ್ಲಿಲ್ಲವೇ ಇಲ್ಲ ಎನ್ನುವಂತೆ ನನ್ನ ಗಂಡನ ಜೊತೆಗೇ ಮಾತಾಡಿದ. “ಸರ್, ಇದು ನೋಡಿ, ಪವರ್‌ಫುಲ್ಲು. ನಿಮಗೆ ಸೂಟ್ ಆಗುತ್ತೆ.”

“ಹೊಡೆಯೋಳು ನಾನಪ್ಪಾ” ಅಂದೆ.

ಅವನು ತೋರಿಸಿದ್ದು ಫಳಫಳ ಹೊಳೆಯುವ, ಎತ್ತಿದರೆ ಎಡಗೈ ನಡುಗುವ ಭಾರದ ಮಾಲು. ಕಪಾಟಿನ ಕೆಳಗಿನ ಸಾಲಿನಲ್ಲಿ ಒಂದು ಸಾದಾ ರೈಫಲ್ ಇತ್ತು. ಸ್ಪ್ರಿಂಗಿನದು, ನಳಿಗೆ ಬಗ್ಗಿಸಿದರೆ ಗುಂಡು ತುಂಬುವ ಬಾಯಿ ತೆರೆಯುತ್ತದೆ. ಭುಜಕ್ಕಿಟ್ಟೆ. ಒಳ್ಳೆಯ ರವಿಕೆಯ ಹಾಗೆ ಕೂತಿತು. ಬೆಲೆ ಅರ್ಧ. ಬೇರೆ ನೋಡುವ ಮಾತೇ ಇರಲಿಲ್ಲ.

ರೈಫಲ್ ಮೇಲೆ ಕೂರಿಸಿ ಗುರಿ ನೋಡುವ ಸ್ಕೋಪಿನ ಸರದಿ ಬಂದಾಗ ನನ್ನವರು ಅಂಗಿಯ ತೋಳು ಮಡಚಿದರು. ಗಾಜಿನ ವಿಷಯ ತಾನೇ! ಅಂಗಡಿಯವನ ದೊಡ್ಡ ಸ್ಕೋಪನ್ನು ಪಕ್ಕಕ್ಕೆ ತಳ್ಳಿ, “ಇದು ನೂರು ಮೀಟರಿಗೆ. ಇವಳು ಹೊಡೆಯೋದು ಹತ್ತು ಮೀಟರಿಗೆ. ಹತ್ತಿರದ್ದು ಸ್ಪಷ್ಟವಾಗಿ ಕಾಣೋ ಚಿಕ್ಕದು ತೆಗಿ. ಸ್ಪ್ರಿಂಗಿನ ಒದೆತ ತಡೀಬೇಕು” ಅಂದರು. ಅಂಗಡಿಯವನು ಚಿಕ್ಕದನ್ನು ತೆಗೆದಿಟ್ಟ. ನನಗೆ ನನ್ನ ಗಂಡನ ಮೇಲೆ ಎಷ್ಟು ಹೆಮ್ಮೆಯಾಯಿತೆಂದರೆ, ಅವರು ಚೌಕಾಸಿಗೆ ಇಳಿದಾಗಲೂ ಸುಮ್ಮನಿದ್ದೆ.

ಮನೆಯಲ್ಲಿ ಕೂತು ಸ್ಕೋಪಿನ ಹಿಂದಿನ ಉಂಗುರ ತಿರುಗಿಸಿ, ಬರಿಗಣ್ಣಿಗೇ ಕಾಣುವಂತೆ ನನ್ನ ಮೈನಸ್ ಮೂರು ಪವರಿಗೆ ಸರಿಯಾಗಿ ಹೊಂದಿಸಿದರು. “ಇನ್ನು ಕನ್ನಡಕದ ಗೊಡವೆ ಇಲ್ಲ ಕಣೇ.” ಉಂಗುರ ಅಲುಗದಿರಲೆಂದು ಫ್ರೇಮಿನ ಸ್ಕ್ರೂಗೆ ಹಾಕುವ ಅಂಟನ್ನೂ ಒಂದು ತೊಟ್ಟು ಬಿಟ್ಟರು. ಮೂರು ವಾರ, ಅವರ ಅಂಗಡಿಯ ಹಿಂದಿನ ಉದ್ದ ಗೋದಾಮಿನಲ್ಲಿ, ಚಿಂದಿ ಬಟ್ಟೆ ತುಂಬಿದ ಪೆಟ್ಟಿಗೆಗೆ ಹೊಡೆದೆ. ಹತ್ತಕ್ಕೆ ಒಂಬತ್ತು ಬೀಳುತ್ತಿದ್ದವು.

ಪರೀಕ್ಷೆಯ ಬೆಳಿಗ್ಗೆ ಸಾಲಿನಲ್ಲಿ ನಿಂತು ಕನ್ನಡಕ ತೆಗೆದೆ. ಕೋಚ್ ಮೇಡಂ ಹೌಹಾರಿದರು. “ಹಾಕ್ಕೊಳ್ಳಿ ಅದನ್ನ! ಗುಂಡು ವಾಪಸ್ ಚಿಮ್ಮಿದ್ರೆ ಕಣ್ಣಿನ ಗತಿ ಏನು? ಇಲ್ಲಿ ಬರಿಗಣ್ಣಲ್ಲಿ ಯಾರೂ ಹೊಡೆಯೋ ಹಾಗಿಲ್ಲ.”

ಊರಿಗೆಲ್ಲ ಕನ್ನಡಕ ಹಾಕಿಸುವ ಮಹಾನುಭಾವ, ಹೆಂಡತಿಯ ಕನ್ನಡಕ ತೆಗೆಸಿದ್ದ! ಹಾಕಿಕೊಂಡೆ. ಸ್ಕೋಪಿನೊಳಗೆ ಕಪ್ಪು ವೃತ್ತ ನೀರಿಗೆ ಬಿದ್ದ ಶಾಯಿಯಾಯಿತು. ಉಂಗುರ ತಿರುಗಿಸಲು ನೋಡಿದೆ. ಅಂಟು ಜಪ್ಪಯ್ಯ ಅನ್ನಲಿಲ್ಲ. ಹಟಕ್ಕೆ ಬಿದ್ದು ಹೊಡೆದೆ. ಒಂದು, ಎರಡು, ಮೂರು. ಮೂರೂ ಹೊರಗೆ. ಇನ್ನುಳಿದದ್ದು ಏಳೇ ಗುಂಡು.

“ಮೇಡಂ, ಪವರ್ ಇಲ್ಲದ ಕನ್ನಡಕ ಇದ್ರೆ ಕೊಡಿ” ಅಂದೆ.

“ಕ್ಲಬ್ಬಿನವೆಲ್ಲ ಬೇರೆಯವರ ಮುಖದ ಮೇಲಿವೆ. ನಿಮಗಿನ್ನು ಐದು ನಿಮಿಷ ಇದೆ, ಅಷ್ಟೇ.”

ಹಿಂದಿನ ಬೆಂಚಿನಲ್ಲಿ ನನ್ನವರು ಕೂತಿದ್ದರು. ಅವರ ಅಕ್ಕಪಕ್ಕ ಇದ್ದವರಲ್ಲಿ ಅರ್ಧಕ್ಕರ್ಧ ಜನ ಅವರ ಗಿರಾಕಿಗಳೇ, ಕೋಚ್ ಮೇಡಂ ಕೂಡ. ನಾನು ಅವರ ಕಡೆ ತಿರುಗಲಿಲ್ಲ. ಅವರದನ್ನು ಸತ್ತರೂ ಕೇಳುತ್ತಿರಲಿಲ್ಲ.

ಬೆಂಚು ಕಿರುಗುಟ್ಟಿದ ಸದ್ದಾಯಿತು. ನನ್ನವರು ಎದ್ದು ಬಂದು, ಮೂಗಿನ ಮೇಲಿಂದ ಕನ್ನಡಕ ತೆಗೆದು ಕೋಚ್ ಮೇಡಂ ಕೈಗಿಟ್ಟರು. “ಇದು ಆಗುತ್ತೆ. ಒಡೆಯಲ್ಲ.”

“ನಿಮ್ಮ ಪವರ್ ಇವರಿಗೆ ಹೇಗೆ ಆಗುತ್ತೆ ಸರ್?”

“ಇದಕ್ಕೆ ಪವರ್ ಇಲ್ಲ” ಅಂದರು, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ. “ಯಾವತ್ತೂ ಇರ್ಲಿಲ್ಲ. ಅಂಗಡಿಗೋಸ್ಕರ ಹಾಕ್ಕೊತಿದ್ದೆ.”

ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಮೇಡಂ ತಮ್ಮದೇ ಕನ್ನಡಕದ ಮೇಲಿಂದ ಅವರನ್ನು ಒಂದು ಕ್ಷಣ ದಿಟ್ಟಿಸಿ, ಗಾಜಿಗೆ ಬೆರಳಿನಿಂದ ಬಡಿದು ನೋಡಿ, ನನಗೆ ಕೊಟ್ಟರು. ಫ್ರೇಮು ಇನ್ನೂ ಬೆಚ್ಚಗಿತ್ತು. ನನಗೆ ಅಳು ಬಂತು, ನುಂಗಿಕೊಂಡೆ. ಅಳುವ ಕಣ್ಣಲ್ಲಿ ಗುರಿ ಇಡಲಾಗುವುದಿಲ್ಲ. ಸ್ಕೋಪಿನೊಳಗೆ ವೃತ್ತ ಈಗ ಅಂಗಿಯ ಗುಂಡಿಯಂತೆ ಸ್ಪಷ್ಟವಾಗಿತ್ತು. ಗುಂಡಿ ಹೊಲಿಯುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಏಳಕ್ಕೆ ಏಳೂ ಒಳಗೆ ಹಾಕಿದೆ.

ಮರುದಿನ ಊಟದ ಡಬ್ಬಿ ಕೊಡಲು ಅಂಗಡಿಗೆ ಹೋದಾಗ ಅವರು ಬೋಳು ಮುಖದಲ್ಲೇ ಗಿರಾಕಿಯ ಎದುರು ಕೂತಿದ್ದರು. ಮೂಗಿನ ಮೇಲೆ ಎರಡು ಕೆಂಪು ಗುರುತು ಮಾತ್ರ ಉಳಿದಿದ್ದವು.

“ಎಲ್ಲಿ ಸರ್ ನಿಮ್ಮ ಕನ್ನಡಕ?” ಎಂದು ಕೇಳಿದ ಗಿರಾಕಿ.

“ನನ್ನ ಹೆಂಡತಿ ಹತ್ರ ಇದೆ” ಅಂದರು ನನ್ನವರು. “ಅವಳು ಶೂಟರ್.”