ಅಗಿಯದೆ ನುಂಗಿದ ಕಾಡುಹುಂಜ

ನನ್ನ ಬೀಗರಾದ ಚಾಮರಾಜ ನನ್ನ ಜೊತೆ ಮಾತು ಬಿಟ್ಟು ಆರು ವರ್ಷವಾಗಿತ್ತು. ಅವರ ಮಾತಿಲ್ಲದೆ ನಾನೇನೂ ಸೊರಗಿರಲಿಲ್ಲ, ಒಂದು ಸುತ್ತು ದಪ್ಪವೇ ಆಗಿದ್ದೆ. ಆದರೆ ಐರ್ಲೆಂಡಿಗೆ ಬಂದು, ಒಂದೇ ಮನೆಯಲ್ಲಿದ್ದುಕೊಂಡು, ಬೆಳಿಗ್ಗೆ ಎದ್ದು ಒಂದೇ ಬಚ್ಚಲಿನ ಬಾಗಿಲಲ್ಲಿ ಇಬ್ಬರೂ ಕಾದು ನಿಲ್ಲುವ ಗತಿ ಬಂತಲ್ಲ, ಆಗ ಶುರುವಾಯಿತು ಪೀಕಲಾಟ.

ಜಗಳದ ಮೂಲ ಬೀಗರ ಊಟ. ನನ್ನ ಮಗ ನಂದೀಶನಿಗೂ ಅವರ ಮಗಳು ನಿಸರ್ಗಾಳಿಗೂ ಮದುವೆಯಾದ ಮೇಲೆ ಮಳವಳ್ಳಿಯಲ್ಲಿ ಗಂಡಿನ ಕಡೆಯವನಾದ ನಾನು ಊಟ ಹಾಕಿಸಿದ್ದೆ. ಕುರಿಮರಿಗಳನ್ನು ಸಂತೆಯಲ್ಲಿ ಬೆನ್ನು ಹಿಚುಕಿ ನೋಡಿ ನಾನೇ ಆರಿಸಿದ್ದು. ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿ ಜೀವ ತೇದವನು ನಾನು. ಹುಡುಗನಾಗಲಿ ಕುರಿಯಾಗಲಿ, ತೊಡೆ ನೋಡಿದರೆ ಸಾಕು, ಎಷ್ಟು ಗಟ್ಟಿ ಅಂತ ಹೇಳಬಲ್ಲೆ. ಅಂಥ ಊಟದಲ್ಲಿ ಈ ಮನುಷ್ಯ ಎರಡು ತುತ್ತು ತಿಂದು, ಇಡೀ ಪಂಕ್ತಿಗೆ ಕೇಳುವ ಹಾಗೆ, ಮಾಂಸ ಬೆಂದಿಲ್ಲ ಅಂದುಬಿಟ್ಟರು. ನಾನು ಬಿಡುತ್ತೇನೆಯೇ? ಹಲ್ಲಿಲ್ಲದವರಿಗೆ ಬಾಳೆಹಣ್ಣು ಹಾಕಪ್ಪ ಅಂತ ಬಡಿಸುವವನಿಗೆ ಹೇಳಿದೆ. ಅವರು ಎಲೆ ಬಿಟ್ಟು ಎದ್ದು ಹೋದರು. ಬೀಗರ ಊಟದಲ್ಲಿ ಬೀಗರೇ ಎಲೆ ಬಿಟ್ಟು ಎದ್ದರೆ, ಊಟ ಹಾಕಿಸಿದವನು ಊರಲ್ಲಿ ತಲೆ ಎತ್ತಿ ಓಡಾಡುವುದು ಹೇಗೆ?

ಈಗ ನಂದೀಶ ಕಾರ್ಕ್ ಪಟ್ಟಣದ ಪಕ್ಕದ ಲಿಟಲ್ ಐಲ್ಯಾಂಡಿನಲ್ಲಿ ಔಷಧಿ ಕಂಪನಿಯಲ್ಲಿದ್ದಾನೆ. ನಿಸರ್ಗಾಳಿಗೆ ಹೆಣ್ಣುಮಗುವಾಯಿತು ಅಂತ ಎರಡೂ ಕಡೆಯ ಅಜ್ಜ ಅಜ್ಜಿಯರು ಒಟ್ಟಿಗೆ ಬಂದಿಳಿದೆವು. ಅಜ್ಜಿಯರ ಸುದ್ದಿ ಕೇಳಬೇಡಿ. ನನ್ನ ಹೆಂಡತಿ ಸಾವಿತ್ರಮ್ಮನೂ ಅವರ ಹೆಂಡತಿ ಲೀಲಾವತಿಯೂ ಅಕ್ಕತಂಗಿಯರಂತೆ ಒಂದೇ ಕಂಬಳಿ ಹೊದ್ದು ಕೂತು ಗಂಡಂದಿರನ್ನು ಆಡಿಕೊಳ್ಳುತ್ತಿದ್ದರು. ನಾವಿಬ್ಬರು ಮಾತ್ರ ಎಣ್ಣೆ ಸೀಗೆಕಾಯಿ. ಏನು ಹೇಳುವುದಿದ್ದರೂ ಮಗುವಿನ ಮೂಲಕ. ನಾನು ಮಗುವಿಗೆ, ನಿಮ್ಮ ತಾತನಿಗೆ ಟಿವಿ ಸೌಂಡು ಕಮ್ಮಿ ಮಾಡೋಕೆ ಹೇಳು ಪುಟ್ಟಿ ಅನ್ನುವುದು. ಅವರು ಅದೇ ಮಗುವಿಗೆ, ಕಿವಿ ಚುರುಕಿರೋರು ಅಡ್ಜಸ್ಟ್ ಮಾಡ್ಕೊಳ್ಳಬೇಕು ಕಂದಾ ಅನ್ನುವುದು. ಮಗು ಇಬ್ಬರನ್ನೂ ನೋಡಿ ಆಕಳಿಸುತ್ತಿತ್ತು.

ಕೊನೆಗೊಂದು ದಿನ ತಿಂಡಿ ಹೊತ್ತಿನಲ್ಲಿ ನಿಸರ್ಗಾ ದೋಸೆ ಮಗುಚುವ ಕೈ ನಿಲ್ಲಿಸಿ ನಮ್ಮ ಕಡೆ ತಿರುಗಿದಳು. ನಾನು ಬಲ್ಲಂತೆ ಆ ಹುಡುಗಿ ಜೋರು ದನಿಯಲ್ಲಿ ಮಾತಾಡಿದವಳಲ್ಲ. ಅವತ್ತೂ ಜೋರು ಮಾಡಲಿಲ್ಲ.

"ಭಾನುವಾರ ನಾಮಕರಣ. ತೊಟ್ಟಿಲಿನ ಆ ಕಡೆ ಅಪ್ಪ, ಈ ಕಡೆ ಮಾವ ನಿಂತ್ಕೊಂಡು ಬಾಯಿ ತುಂಬಾ ಮಾತಾಡ್ಕೊಂಡು ತೂಗಬೇಕು. ಆಗಲ್ಲ ಅಂದ್ರೆ ನಾಮಕರಣನೇ ಬೇಡ. ನನ್ನ ಮಗಳು ಪಾಪು ಅನ್ನೋ ಹೆಸರಲ್ಲೇ ಸ್ಕೂಲಿಗೆ ಹೋಗ್ಲಿ" ಅಂದಳು. ಹೇಳುತ್ತಾ ಹೇಳುತ್ತಾ ಕಣ್ಣು ತುಂಬಿಕೊಂಡಿತು. ಹೆಂಚಿನ ಮೇಲೆ ದೋಸೆ ಸೀಯಿತು.

ಆ ಮಾತು ನನ್ನ ಎದೆಗೆ ನಾಟಿತು. ಆದರೆ ಮೊದಲು ಬಾಯಿ ತೆರೆಯಬೇಕಾದವರು ಎಲೆ ಬಿಟ್ಟು ಎದ್ದವರಲ್ಲವೇ? ಅವರೂ ಬಹುಶಃ ಬಾಳೆಹಣ್ಣು ಅಂದವನೇ ಮೊದಲು ಬಾಯಿ ಬಿಡಲಿ ಅಂದುಕೊಂಡಿದ್ದರು.

ಹೀಗಿರುವಾಗ ನಂದೀಶ ಒಂದು ಉಪಾಯ ಹೂಡಿದ. ಅವನ ಆಫೀಸಿನ ಫಿನ್‌ಬಾರ್ ಅನ್ನುವವನು ಬೇಟೆಗಾರ, ಬಂದೂಕಿಗೆ ಲೈಸೆನ್ಸ್ ಇರುವವನು. ಶನಿವಾರ ಫರ್ಮೊಯ್ ಅನ್ನುವ ಊರಿನ ಆಚೆಗೆ ಅವನ ಚಿಕ್ಕಪ್ಪನ ಹೊಲದಲ್ಲಿ ಬೇಟೆ, ಅಲ್ಲೇ ಟೆಂಟು, ಅಲ್ಲೇ ಒಲೆ, ಅಲ್ಲೇ ಊಟ. ನೀವಿಬ್ಬರೂ ಬನ್ನಿ ಅಂದ. ಬೇಟೆ ಅಂದ ಕೂಡಲೇ ನನ್ನ ಬೀಗರ ಎದೆ ಉಬ್ಬಿತು. ಅವರು ಹುಣಸೂರಿನವರು. ಹುಣಸೂರಿನವರ ಪ್ರಕಾರ ಅವರೆಲ್ಲ ಹುಲಿ ಜೊತೆ ಹಾಲು ಕುಡಿದು ಬೆಳೆದವರು. ನಾನು ರಾಗಿಹಿಟ್ಟು, ಸಾವಿತ್ರಮ್ಮ ಹುರಿದು ಪುಡಿಮಾಡಿಕೊಟ್ಟ ಮಸಾಲೆ, ನನ್ನ ಹಳೇ ಪಿ.ಟಿ. ವಿಷಲ್ಲು, ಇಷ್ಟನ್ನು ಚೀಲಕ್ಕೆ ಹಾಕಿಕೊಂಡೆ.

ನವೆಂಬರಿನ ಚಳಿ. ಮೂಗು ನನ್ನದೋ ಬೇರೆಯವರದೋ ಅಂತ ಮುಟ್ಟಿ ನೋಡಿಕೊಳ್ಳಬೇಕು, ಅಷ್ಟು ಚಳಿ. ಬೇಟೆ ಅಂದರೆ ಹಂದಿಯೋ ಜಿಂಕೆಯೋ ಅಂದುಕೊಂಡಿದ್ದರೆ, ಫಿನ್‌ಬಾರ್ ಬಂದಿದ್ದು ಫೆಸೆಂಟ್ ಅನ್ನುವ ಉದ್ದ ಬಾಲದ ಕಾಡುಕೋಳಿಗೆ. ಅದರಲ್ಲೂ ಹುಂಜವನ್ನು ಮಾತ್ರ ಹೊಡೆಯಬೇಕಂತೆ, ಹೇಟೆಯನ್ನು ಮುಟ್ಟುವ ಹಾಗಿಲ್ಲವಂತೆ. ಬಂದೂಕು ಅವನ ಕೈಯಲ್ಲಿ. ಪೊದೆ ಬಡಿದು ಕೋಳಿ ಎಬ್ಬಿಸುವ ಕೆಲಸ ನಮ್ಮದು ಮತ್ತು ಅವನ ನಾಯಿ ಮರ್ಫಿಯದು. ನಾನು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ರೆಡಿ ಅಂತ ಜೋರಾಗಿ ವಿಷಲ್ ಊದಿದೆ. ಓಡಲು ಸಿದ್ಧವಾಗಿದ್ದ ನಾಯಿ ಕುಂಡೆ ಊರಿ ಕೂತುಬಿಟ್ಟಿತು. ವಿಷಲ್ ಕೇಳಿದರೆ ಕೂರಬೇಕೆಂದು ಅದಕ್ಕೆ ಕಲಿಸಿದ್ದಾರಂತೆ. ನಾನು ಇನ್ನೊಂದು ಸಲ ಊದಿದೆ. ಅದು ಇನ್ನೂ ಭದ್ರವಾಗಿ ಕೂತಿತು.

ಚಾಮರಾಜರು ನಾಯಿಯ ಪಕ್ಕ ಬಗ್ಗಿ, ಪಿ.ಟಿ. ಮೇಷ್ಟ್ರುಗಳು ಓಡೋರನ್ನ ಕೂರಿಸ್ತಾರೆ, ಕೂತೋರನ್ನ ಓಡಿಸ್ತಾರೆ, ಬೇಜಾರು ಮಾಡ್ಕೋಬೇಡ ಮಗಾ ಅಂದರು. ಆಮೇಲೆ ಇಡೀ ದಿನ ನಮ್ಮಿಬ್ಬರ ನಡುವೆ ಮಗುವಿನ ಜಾಗವನ್ನು ಆ ನಾಯಿ ವಹಿಸಿಕೊಂಡಿತು. ಹುಲಿ ಜೊತೆ ಬೆಳೆದೋರು ಮುಳ್ಳಿಗೆ ಪ್ಯಾಂಟು ಸಿಕ್ಕಿಸ್ಕೊಂಡು ನಿಂತವ್ರೆ, ಹೋಗಿ ಬಿಡಿಸಪ್ಪ ಅಂತ ನಾನೂ ಅದಕ್ಕೆ ಹೇಳಿದೆ. ಸಂಜೆಯ ಹೊತ್ತಿಗೆ ಮರ್ಫಿಗೆ ಮಂಡ್ಯ ಮೈಸೂರಿನ ಬೈಗುಳವೆಲ್ಲ ಬಂದಿರಬೇಕು.

ದಿನವೆಲ್ಲ ಸುತ್ತಿ ಸಿಕ್ಕಿದ್ದು ಒಂದೇ ಹುಂಜ. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಅದರ ಕಾಲಿನ ಮುಳ್ಳು ನೋಡಿದರೇ ತಿಳಿಯುತ್ತಿತ್ತು, ಮೊಮ್ಮಕ್ಕಳನ್ನು ಕಂಡ ಹುಂಜ ಅದು. ಇದನ್ನು ಕೆಲವು ದಿನ ನೇತುಹಾಕಿದರೆ ಮೆತ್ತಗಾಗುತ್ತದೆ, ಇವತ್ತಿಗೆ ಸಾಸೇಜು ತಂದಿದ್ದೇನೆ ಅಂತ ಫಿನ್‌ಬಾರ್ ಮೆಲ್ಲನೆ ಹೇಳಿ ನೋಡಿದ. ನನಗೆ ರೇಗಿತು. ಹೊಡೆದ ಕೋಳಿಯನ್ನು ನೆಂಟರ ಮುಂದೆ ನೇತುಹಾಕಿ, ಅಂಗಡಿ ಸಾಸೇಜು ತಿನ್ನಿಸುವುದೇ? ಇವತ್ತೇ ಬೇಯಿಸುತ್ತೇನೆ ಅಂದೆ.

ಬೇಯಿಸಿದೆ. ಒದ್ದೆ ಸೌದೆ, ಕಣ್ಣಿಗೆಲ್ಲ ಹೊಗೆ. ಸಾರು ಕುದಿದು ಘಮ ಹರಡಿತು, ಮಾಂಸ ಮಾತ್ರ ಜಪ್ಪಯ್ಯ ಅಂದರೂ ಮಣಿಯಲಿಲ್ಲ. ಇನ್ನೊಂದು ಪಾತ್ರೆಯಲ್ಲಿ ಮುದ್ದೆಗೆ ಎಸರಿಟ್ಟ ಮೇಲೆ ನೆನಪಾಯಿತು, ಮುದ್ದೆ ಕೋಲು ತಂದಿಲ್ಲ. ಫಿನ್‌ಬಾರ್‌ನ ಕಾರಿನಲ್ಲಿ ಹರ್ಲಿಂಗ್ ಅನ್ನುವ ಇಲ್ಲಿಯ ಚೆಂಡಾಟದ ಮರದ ಬ್ಯಾಟು ಕಂಡಿತು. ಅದನ್ನು ತಿರುಗಿಸಿ ಹಿಡಿಕೆಯ ಕಡೆಯನ್ನು ತೊಳೆದು ಪಾತ್ರೆಗಿಳಿಸಿದೆ. ಆ ಬ್ಯಾಟಿನಲ್ಲಿ ಅವನು ಯಾವುದೋ ಫೈನಲ್ ಗೆದ್ದಿದ್ದನಂತೆ. ಮುಖ ಬಿಳಿಚಿಕೊಂಡರೂ ಗ್ರ್ಯಾಂಡ್ ಅಂದ. ಇಲ್ಲಿಯ ಜನ ಮಳೆ ಬಂದರೂ ಗ್ರ್ಯಾಂಡ್, ಕಾಲು ಮುರಿದರೂ ಗ್ರ್ಯಾಂಡ್ ಅನ್ನುತ್ತಾರೆ.

ಇನ್ನು ಹಂಚುವ ಕೆಲಸ. ನಮ್ಮ ಕಡೆ ಗುಡ್ಡೆ ಬಾಡು ಹಂಚುವುದಕ್ಕೆ ಒಂದು ನ್ಯಾಯವಿದೆ. ಮಾಂಸವನ್ನು ಸಮನಾಗಿ ಗುಡ್ಡೆ ಹಾಕಿ, ಒಬ್ಬರನ್ನು ಬೆನ್ನು ತಿರುಗಿಸಿ ಕೂರಿಸಬೇಕು. ಒಂದೊಂದು ಗುಡ್ಡೆ ಮುಟ್ಟಿ ಇದು ಯಾರಿಗೆ ಅಂದರೆ, ಅವರು ನೋಡದೆಯೇ ಒಬ್ಬೊಬ್ಬರ ಹೆಸರು ಹೇಳಬೇಕು. ಆಗ ಯಾರೂ ತಕರಾರು ತೆಗೆಯುವಂತಿಲ್ಲ. ನಾಲ್ಕು ಜನ, ಕೋಳಿ ಎಬ್ಬಿಸಿದ ನಾಯಿಗೂ ಒಂದು ಪಾಲು. ಐದು ಪೇಪರ್ ತಟ್ಟೆಗೆ ಒಂದು ಹುಂಜವನ್ನು ಸಮನಾಗಿ ಹಾಕುವಷ್ಟರಲ್ಲಿ ನನಗೆ ಬೆವರಿತು. ಬೆನ್ನು ತಿರುಗಿಸಿ ಕೂತವರು ಚಾಮರಾಜರು. ನಂದೀಶ ಬೇಕೆಂದೇ ಅವರನ್ನು ಕೂರಿಸಿದ್ದ. ಹೆಸರು ಹೇಳಲೇಬೇಕಲ್ಲ, ಈಗ ನನ್ನನ್ನು ಬೀಗರೇ ಅನ್ನಲೇಬೇಕಲ್ಲ ಅಂತ ನಾನೂ ಕಿವಿ ನಿಮಿರಿಸಿಕೊಂಡೆ.

ಮೊದಲ ತಟ್ಟೆ ಫಿನ್‌ಬಾರ್‌ಗೆ ಅಂದರು. ಎರಡನೆಯದು ಅಳಿಯಂದಿರಿಗೆ. ಮೂರನೆಯದು ಮರ್ಫಿಗೆ. ನಾಲ್ಕನೆಯದು ನನಗೆ ಅಂದರು, ಎದ್ದು ಬಂದು ತಮ್ಮ ತಟ್ಟೆ ತಗೊಂಡು ಕೂತರು. ಉಳಿದದ್ದು ಒಂದೇ ತಟ್ಟೆ, ಉಳಿದವನು ಒಬ್ಬನೇ, ಹೆಸರು ಯಾಕೆ? ನಾಯಿಗೂ ಒಂದು ಹೆಸರು ಬಂತು, ನನಗಿಲ್ಲ. ಹುಣಸೂರಿನ ಬುದ್ಧಿ ಅಂತ ಹಲ್ಲು ಕಡಿದೆ.

ಊಟ ಶುರುವಾಯಿತು. ನಾನು ಒಂದು ತುಂಡು ಬಾಯಿಗೆ ಹಾಕಿಕೊಂಡೆ. ಅಯ್ಯೋ ದೇವರೇ, ಅದು ಮಾಂಸವಲ್ಲ, ಬಸ್ಸಿನ ಟೈರು. ಫಿನ್‌ಬಾರ್ ದವಡೆ ಆಡಿಸುತ್ತಲೇ ಇದ್ದ, ಮಾತು ಹೊರಡದೆ ಹೆಬ್ಬೆರಳೆತ್ತಿ ತೋರಿಸಿದ. ನಂದೀಶ ತಲೆ ಬಗ್ಗಿಸಿದ್ದ. ನಾನು ಚಾಮರಾಜರನ್ನೇ ನೋಡುತ್ತಾ ಕೂತೆ. ಈಗ ಎದ್ದರು, ಈಗ ತಟ್ಟೆ ಬಿಟ್ಟರು, ನಾಳೆ ತೊಟ್ಟಿಲೂ ಇಲ್ಲ ಹೆಸರೂ ಇಲ್ಲ. ಆ ಮಗು ಪಾಪುವಾಗಿಯೇ ಉಳಿಯುತ್ತದೆ ಅಂದುಕೊಂಡೆ.

ಅವರು ಏಳಲಿಲ್ಲ. ಮುದ್ದೆ ಮುರಿಯುತ್ತಾರೆ, ಸಾರಿಗೆ ಅದ್ದುತ್ತಾರೆ, ಬಾಯಿಗೆ ಹಾಕಿಕೊಳ್ಳುತ್ತಾರೆ, ಗುಳುಂ. ತಟ್ಟೆಯಲ್ಲಿ ಮಾಂಸವೂ ಕರಗುತ್ತಿದೆ, ದವಡೆ ಮಾತ್ರ ಒಂದು ಸಲವೂ ಆಡುತ್ತಿಲ್ಲ. ಬೆಂಕಿಯ ಬೆಳಕಿನಲ್ಲಿ ಕಣ್ಣು ಕಿರಿದು ಮಾಡಿ ನೋಡಿದೆ. ಒಂದೊಂದು ತುಂಡನ್ನೂ ಮುದ್ದೆಯೊಳಗೆ ಅಡಗಿಸಿ, ಕಣ್ಣು ಮುಚ್ಚಿ, ಮಾತ್ರೆಯಂತೆ ನುಂಗುತ್ತಿದ್ದಾರೆ. ತಟ್ಟೆ ಬರಿದಾದ ಮೇಲೆ ನಾಯಿಯ ಕಡೆ ತಿರುಗಿ, ಚೆನ್ನಾಗಿ ಬೆಂದಿದೆ ಮರ್ಫಿ ಅಂದರು.

ನನ್ನ ಪಿತ್ತ ನೆತ್ತಿಗೇರಿತು.

"ಏನ್ರೀ ಬೀಗರೇ, ಅಗೀದೇ ನುಂಗಿಬಿಟ್ಟು ಬೆಂದಿದೆ ಅಂತೀರಾ? ಬೆಣ್ಣೆ ಥರ ಬೆಂದಿದ್ದ ಮರಿ ಮಾಂಸಕ್ಕೆ ಅವತ್ತು ಬೆಂದಿಲ್ಲ ಅಂದ್ರಿ. ಇವತ್ತು ಈ ಟೈರಿಗೆ ಬೆಂದಿದೆ ಅಂತೀರಲ್ಲ!"

ಆರು ವರ್ಷದ ಮೇಲೆ ಅವರ ಮುಖಕ್ಕೇ ಹೇಳಿದ ಮೊದಲ ಮಾತು ಅದು. ಚಾಮರಾಜರು ತಟ್ಟೆ ಕೆಳಗಿಟ್ಟು ನನ್ನನ್ನು ನೋಡಿದರು, ನಾಯಿಯನ್ನಲ್ಲ.

"ಅವತ್ತೂ ಬೆಂದಿತ್ತು ಕಣ್ರೀ. ಮಗಳನ್ನ ಬಿಟ್ಟು ಹೋಗಬೇಕಲ್ಲ ಅಂತ ನನಗೇ ಗಂಟಲಲ್ಲಿ ಇಳೀಲಿಲ್ಲ. ಅಷ್ಟು ಜನದ ಮುಂದೆ ಅಳೋಕಾಗುತ್ತಾ? ತಪ್ಪನ್ನ ಮಾಂಸದ ಮೇಲೆ ಹಾಕಿದೆ" ಅಂದರು. ಬರಿದಾದ ತಟ್ಟೆಯ ಕಡೆ ಕೈ ತೋರಿಸಿ, "ಇವತ್ತು ಎಲೆ ಬಿಟ್ಟು ಏಳಬಾರದು ಅಂತ ನುಂಗಿದೆ" ಅಂದರು.

ನನಗೆ ಹೆಣ್ಣುಮಕ್ಕಳಿಲ್ಲ. ಮದುವೆಮನೆಯಲ್ಲಿ ನಾನು ತಂದುಕೊಂಡವನು, ಕಳಿಸಿಕೊಟ್ಟವನಲ್ಲ. ಇದು ನನಗೆ ಹೊಳೆದೇ ಇರಲಿಲ್ಲ. ಕರುಳು ಹಿಂಡಿದರೂ ನನಗೆ ಬರುವುದು ಕೋಪವೇ, ಹುಟ್ಟುಗುಣ. ಅಷ್ಟು ಗಟ್ಟಿ ಮಾಂಸವನ್ನು ಇಡೀ ನುಂಗಿದರೆ ಹೊಟ್ಟೆ ಏನಾಗಬೇಕು, ಈ ವಯಸ್ಸಿನಲ್ಲಿ ಬುದ್ಧಿ ಬೇಡವೇ ಅಂತ ಬೈಯುತ್ತಾ ಬಿಸಿನೀರು ಕಾಯಿಸಿ ಕೊಟ್ಟೆ. ಅದನ್ನು ಕುಡಿದು, ನೀರಿಗೆ ಹೊಗೆ ವಾಸನೆ ಹೊಡೀತಿದೆ ಅಂದರು. ಫಿನ್‌ಬಾರ್ ಸಾಸೇಜು ಸುಟ್ಟ. ಅದನ್ನು ಅಗಿದು ತಿಂದೆವು.

ಮಾರನೆಯ ದಿನ, ಭಾನುವಾರ ಬೆಳಿಗ್ಗೆ, ಕಾರಿನಲ್ಲಿ ಜಗಳ ಮುಂದುವರಿಯಿತು. ಅವರ ಪ್ರಕಾರ ಹುಂಜಕ್ಕೆ ಪಪ್ಪಾಯಿ ಕಾಯಿ ಹಾಕಬೇಕಿತ್ತು. ಫರ್ಮೊಯ್ ಹೊಲದಲ್ಲಿ ಪಪ್ಪಾಯಿ ನಿಮ್ಮಪ್ಪ ನೆಟ್ಟಿದ್ದರೇ ಅಂತ ನಾನು. ಕಾರಿಳಿದರೂ ನಿಲ್ಲಲಿಲ್ಲ. ಗದ್ದಲ ಕೇಳಿ ನಿಸರ್ಗಾ ಮಗುವನ್ನು ಎತ್ತಿಕೊಂಡು ಬಾಗಿಲಿಗೆ ಓಡಿ ಬಂದಳು. ಮುಖ ಕಪ್ಪಿಟ್ಟಿತ್ತು. "ಮತ್ತೆ ಶುರು ಮಾಡಿದ್ರಾ?" ಅಂದಳು.

"ನೀನು ಸುಮ್ನಿರು, ನಾವು ಬೀಗರು ಮಾತಾಡ್ತಾ ಇದೀವಿ" ಅಂದೆವು ಇಬ್ಬರೂ ಒಟ್ಟಿಗೆ.

ಆ ಹುಡುಗಿ ಹೊಸ್ತಿಲ ಮೇಲೆ ಕೂತು ನಗತೊಡಗಿದಳು, ಕಣ್ಣಲ್ಲಿ ಧಾರಾಕಾರ ನೀರು. ಚಾಮರಾಜರು ಬಾಗಿ ಮಗುವನ್ನು ಎತ್ತಿಕೊಂಡರು. ಒಂದು ಗಳಿಗೆ ಎದೆಗೊತ್ತಿಕೊಂಡು, ಆಮೇಲೆ ನನ್ನ ಕಡೆ ಚಾಚಿದರು.

"ತಗೊಳ್ಳಿ ಬೀಗರೇ" ಅಂದರು. "ಹುಷಾರು, ಕತ್ತು ಹಿಡ್ಕೊಳ್ಳಿ. ಇದು ನಿಮ್ಮ ವಿಷಲ್ಲಿಗೆಲ್ಲ ಕೂರೋದಲ್ಲ."