ಝಾನ್ಸಿ ಮೇಡಂ ಕೂತರೆ ಕೆಡುವ ಎಸಿ

ಗುಂಡುಮಾಲ್‌ನ ಭೀಮಶಂಕರನ ಕಾರಿನ ಎಸಿಗೆ ಝಾನ್ಸಿ ಮೇಡಂ ಎಂದರೆ ಆಗುತ್ತಿರಲಿಲ್ಲ. ಇದನ್ನು ಯಾರ ಮುಂದೆಯೂ ಹೇಳುವ ಹಾಗಿರಲಿಲ್ಲ, ಆದರೆ ಹಾಗೆ ನಂಬದೆ ಅವನಿಗೆ ಬೇರೆ ದಾರಿಯೂ ಉಳಿದಿರಲಿಲ್ಲ. ಖಾಲಿ ಗಾಡಿ ಓಡಿಸಿ ನೋಡಿದರೆ ತಂಪು. ಹೆಂಡತಿಯನ್ನು ತವರಿಗೆ ಬಿಡಲು ಹೋದರೆ ತಂಪು. ಸೋಮವಾರ ನಾರಾಯಣಪೇಟೆಯಲ್ಲಿ ಮೇಡಂ ಹತ್ತಿ ಬಾಗಿಲು ಹಾಕಿಕೊಂಡರೆ ಮಾತ್ರ, ಪೇಟೆ ದಾಟುವುದರೊಳಗೆ ಬಿಸಿಗಾಳಿ.

ಝಾನ್ಸಿ ಮೇಡಂ ಸೀರೆ ಅಂಗಡಿಯವರು. ವಾರಕ್ಕೊಮ್ಮೆ ಗದ್ವಾಲಿಗೆ ಹೋಗಿ, ನೇಕಾರರ ಮನೆಮನೆ ತಿರುಗಿ ಸೀರೆ ಆರಿಸಿ ತರುತ್ತಾರೆ. ಸೆಕೆ ತಡೆಯದ ಜೀವ. ಭೀಮಶಂಕರನಿಗೆ ಖಾಯಂ ಗಿರಾಕಿ ಎಂದರೆ ಅವರೊಬ್ಬರೇ. ಅವ್ವ ಪೆಂಟಮ್ಮ ಕುರಿ ಹಿಂಡನ್ನೆಲ್ಲ ಮಾರಿ ಕೊಡಿಸಿದ ಕಾರು ಅದು. ಈ ಬಾಡಿಗೆ ತಪ್ಪಿದರೆ ಕಾರು ಅಂಗಳದಲ್ಲಿ ನಿಲ್ಲುತ್ತದೆ, ಹೋದ ಕುರಿಗಳಂತೂ ತಿರುಗಿ ಬರುವುದಿಲ್ಲ.

"ಇನ್ನೊಂದ್ಸಲ ಹಿಂಗಾದ್ರ ನಾ ಬ್ಯಾರೆ ಗಾಡಿ ನೋಡ್ಕೊಂತೀನಿ ಭೀಮಾ," ಎಂದು ಮೇಡಂ ಕಳೆದ ವಾರ ಹೇಳಿದ್ದರು. ಸಿಟ್ಟಿನಲ್ಲಿ ಹೇಳಿದ್ದರೆ ಮರೆಯಬಹುದಿತ್ತು. ಸುಸ್ತಾಗಿ ಹೇಳಿದ್ದರಿಂದ ಅವನಿಗೆ ನಿಜಕ್ಕೂ ಭಯವಾಗಿತ್ತು.

ಅವನೇನು ಸುಮ್ಮನೆ ಕೂತಿರಲಿಲ್ಲ. ನಾರಾಯಣಪೇಟೆಯ ಒಬ್ಬ ಮೆಕ್ಯಾನಿಕ್ ಹತ್ತಿರ ಗ್ಯಾಸು ತುಂಬಿಸಿದ. ಮರುವಾರ ಮತ್ತೆ ಒಯ್ದಾಗ ಎಸಿ ಆ ಮೆಕ್ಯಾನಿಕ್‌ನ ಮುಂದೆ ತಣ್ಣಗೆ ಬೀಸತೊಡಗಿತು. "ಗಾಡಿಗೇನೂ ಆಗಿಲ್ಲ, ನಿನಗ ಏನೋ ಆಗೇತಿ ನೋಡು," ಎಂದು ಅವನು ನಕ್ಕ. ಆ ಸಂಜೆ ಭೀಮಶಂಕರ ಬಾನೆಟ್ ಎತ್ತಿ ಅವ್ವನಿಗೂ ತೋರಿಸಿದ್ದ. "ಇಲ್ಲೇ ನೋಡವ್ವ, ಈ ಪೈಪಿನಾಗ ಏನೋ ಆಗೇತಿ. ತಂಪು ಇಲ್ಲಿಂದನ ಬರ್ತದಂತ." ಪೆಂಟಮ್ಮ ಕಣ್ಣು ಕಿರಿದು ಮಾಡಿ ಆ ಜಾಗವನ್ನು ಚೆನ್ನಾಗಿ ನೋಡಿಕೊಂಡಿದ್ದಳು.

ಹಿಂದೆಲ್ಲ ಗಾಡಿ ಹೊರಡುವ ಮುನ್ನ ಅವ್ವ ಅವನ ಹಣೆಗೆ ಮೈಲಾರನ ಭಂಡಾರ ಬಳಿಯುತ್ತಿದ್ದಳು. ಮೇಡಂ ಹತ್ತುವವರೆಗೆ ಎಸಿ ಹಾಕದ ಜಿಪುಣ ಅವನು, ಬೆವರಿಗೆ ಅರಿಶಿನ ಕಣ್ಣಿಗಿಳಿಯುತ್ತದೆ ಎಂದುಕೊಂಡು ಊರು ದಾಟುತ್ತಲೇ ಜೇಬಿನ ದಸ್ತಿ ತೆಗೆದು ಒರೆಸಿಕೊಳ್ಳುತ್ತಿದ್ದ. ಅದು ನೆಪ. ಬಿಳಿ ಅಂಗಿ ತೊಟ್ಟು ಹಳದಿ ಹಣೆಯಲ್ಲಿ ಗಿರಾಕಿಯ ಮುಂದೆ ನಿಲ್ಲಲು ನಾಚಿಕೆ. ಈಚೆಗೆ ಅವ್ವ ಹಚ್ಚುವುದನ್ನೇ ಬಿಟ್ಟಿದ್ದಳು. ಯಾಕೆಂದು ಅವನೂ ಕೇಳಿರಲಿಲ್ಲ.

ಆ ಸೋಮವಾರವೂ ಪೇಟೆ ದಾಟುವುದರೊಳಗೆ ಎಸಿ ಕೈಕೊಟ್ಟಿತು. ಮೇಡಂ ಕಿಟಕಿಯ ಗಾಜು ಇಳಿಸಿಕೊಂಡರು. ದಾರಿಯ ಮಕ್ತಲ್ ಮುಟ್ಟಿದ್ದೇ ತಡ, ಅವನು ಗಾಡಿಯನ್ನು ನೇರ ಹನುಮಂತುವಿನ ಶೆಡ್ಡಿಗೆ ಹೊಡೆದ. ಹನುಮಂತು ಎಸಿ ರಿಪೇರಿಯವನು, ಮಾತು ಹೆಚ್ಚು, ಕೈಯೂ ಚುರುಕು. ಮೇಡಂ ಬೇವಿನ ನೆರಳಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು.

ಹನುಮಂತು ಪೈಪಿಗೆ ಗೇಜು ಹಾಕಿ ನೋಡಿದ. ಗ್ಯಾಸಿನ ಒತ್ತಡ ಸರಿ ಇತ್ತು. ಕಾರಿನ ಕಂಪ್ಯೂಟರಿಗೆ ಸ್ಕ್ಯಾನರ್ ಹಚ್ಚಿದ. ಅದರಲ್ಲಿ ಒತ್ತಡ ಮಿತಿ ಮೀರಿತ್ತು. ಮತ್ತೆ ಗೇಜು ನೋಡಿದ, ಮತ್ತೆ ಸ್ಕ್ಯಾನರ್ ನೋಡಿದ, ತಲೆ ಕೆರೆದುಕೊಂಡ.

"ಗೇಜು ಎಲ್ಲಾ ಸರಿ ಐತಿ ಅಂತೈತಿ. ಕಂಪ್ಯೂಟರ್ ನೋಡಿದ್ರ ಪೈಪು ಒಡೀತೈತಿ ಅಂತೈತಿ. ಯಾರ ಮಾತು ನಂಬೂದಣ್ಣ?"

"ನನ್ನ ಕೇಳ್ತಿಯಲ್ಲ ಮಾರಾಯ," ಎಂದ ಭೀಮಶಂಕರ. ಅವನ ತಲೆ ಆಗಲೇ ಕೆಟ್ಟು ಗೊಬ್ಬರವಾಗಿತ್ತು.

ಹನುಮಂತು ಪೈಪಿನ ಮೇಲಿದ್ದ ಹೆಬ್ಬೆರಳಿನಷ್ಟು ದಪ್ಪದ ಸಾಮಾನು ತೋರಿಸಿದ. "ಇದು ಪ್ರೆಷರ್ ಸೆನ್ಸರ್. ಒಳಗ ಒತ್ತಡ ಎಷ್ಟೈತಿ ಅಂತ ಕಂಪ್ಯೂಟರಿಗೆ ಹೇಳೂದು ಇದರ ಕೆಲಸ. ಹೆಚ್ಚಾಗೇತಿ ಅಂದ್ರ ಕಂಪ್ಯೂಟರ್ ಎಸಿ ಬಂದ್ ಮಾಡ್ತದ. ಗೇಜು ಖರೇ ಇದ್ರ, ಸುಳ್ಳು ಹೇಳಾಕತ್ತಿದ್ದು ಇದ."

"ಸೋಮಾರ ಅಷ್ಟ ಯಾಕ ಸುಳ್ಳು ಹೇಳ್ತದ?"

 ಹನುಮಂತು ಸೆನ್ಸರಿಗೆ ಸಿಕ್ಕಿಸಿದ್ದ ವೈರನ್ನು ಕಿತ್ತ. ಒಳಗಿನಿಂದ ಹಳದಿ ನೀರು ತೊಟ್ಟಿಕ್ಕಿತು. ಪಿನ್ನುಗಳೆಲ್ಲ ಕಿಲುಬು ಹಿಡಿದು ಹಸಿರಾಗಿದ್ದವು. ಅವನು ಬೆರಳಿಗೆ ಹಚ್ಚಿಕೊಂಡು ಮೂಸಿದ.

"ಟೆಂಗಿನ ನೀರು ಇದು. ಭಂಡಾರ ಬ್ಯಾರೆ ಕಲೆತೈತಿ. ಇವತ್ತು ಹಾಕಿದ್ದು ನಾಳೆಗೆ ಆರ್ತದ, ಎಸಿ ನಡೀತದ. ಅಣ್ಣಾ, ಇಂಜಿನ್ನಿಗೆ ಅಭಿಷೇಕ ಯಾರು ಮಾಡಾಕತ್ತಾರ?"

ಭೀಮಶಂಕರ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಸೋಮವಾರ ಬಾಡಿಗೆಗೆ ಹೊರಡುವ ಬೆಳಿಗ್ಗೆ ನೀರು, ಆಯಿಲ್ ನೋಡಲು ಬಾನೆಟ್ ಎತ್ತಿಟ್ಟು ರೊಟ್ಟಿ ತಿನ್ನಲು ಒಳಗೆ ಹೋಗುವವನು ಅವನೇ. ಅಂಗಳದಲ್ಲಿ ಆಗ ಉಳಿಯುವವಳು ಅವ್ವ ಒಬ್ಬಳೇ. ಯಾರೆಂಬುದು ತಿಳಿಯಿತು, ಯಾಕೆಂಬುದು ಮಾತ್ರ ತಿಳಿಯಲಿಲ್ಲ. ಕಾರು ತಂದ ದಿನ ಮಾಡಬೇಕಾದ ಪೂಜೆಯೆಲ್ಲ ಮಾಡಿಯಾಗಿತ್ತಲ್ಲ.

ಹನುಮಂತು ಬೇರೆ ಸೆನ್ಸರ್ ಕೂಡಿಸಿ, ವೈರಿನ ಬಾಯಿ ತೊಳೆದು ಒಣಗಿಸಿ, ಸಿಕ್ಕಿಸಿದ ಮೇಲೆ ಸೈಕಲ್ ಟ್ಯೂಬಿನ ತುಂಡು ಸುತ್ತಿ ಕರಿದಾರದಿಂದ ಬಿಗಿದ. ಎಸಿ ತಣ್ಣಗಾಯಿತು. ಮೇಡಂ ಹತ್ತಿ ಕೂತು ಕಣ್ಣು ಮುಚ್ಚಿದರು. "ಮುಂದಿನ ಸೋಮಾರನೂ ಹಿಂಗ ಇದ್ರ ನಂಬ್ತೀನಿ," ಎಂದರು.

ವಾರವಿಡೀ ಭೀಮಶಂಕರ ಮಾತು ಹುಡುಕಿದ. ಕುರಿ ಮಾರಿ ಕಾರು ಕೊಡಿಸಿದವಳಿಗೆ, ನಿನ್ನ ದೇವರ ನೀರೇ ಕಾರು ಕೆಡಿಸಿತು ಎಂದು ಯಾವ ಬಾಯಲ್ಲಿ ಹೇಳುವುದು? ಸೋಮವಾರ ಬಂದೇ ಬಿಟ್ಟಿತು. ಬಾನೆಟ್ ಎತ್ತಿದ, ರೊಟ್ಟಿಗೆ ಹೋಗದೆ ಅಲ್ಲೇ ನಿಂತ. ಪೆಂಟಮ್ಮ ಒಡೆದ ಕಾಯಿ, ಭಂಡಾರದ ಚೀಲ ಹಿಡಿದು ಬಂದವಳು ಒಳಗೆ ಬಗ್ಗಿ ನೋಡಿ ತಡೆದಳು.

"ಇದೇನು, ತಾಯತ ಕಟ್ಟಿಸಿಯೇನು? ನಮ್ಮ ಮೈಲಾರ ಸಾಲಲಿಲ್ಲೇನು ನಿನಗ?"

"ತಾಯತ ಅಲ್ಲವ್ವ. ನೀರು ಹೋಗಬಾರದಂತ ಸುತ್ತಿದ್ದು. ನೀ ಹಾಕೋ ಟೆಂಗಿನ ನೀರಿಗೆ ಅದು ಕೆಡಾಕತ್ತಿತ್ತು."

ಪೆಂಟಮ್ಮನ ಮುಖ ಸಣ್ಣದಾಯಿತು. ಕಾಯಿಯನ್ನು ಸೆರಗಿಗೆ ಒತ್ತಿಕೊಂಡಳು. "ನಾನ ಕೆಡಿಸಿದೆನೇನು? ಅಲ್ಲೇ ಏನೋ ಆಗೇತಿ ಅಂತ ನೀನ ತೋರಿಸಿದ್ದಿ. ಅದಕ್ಕ ಅಲ್ಲೇ ಹೆಚ್ಚಿಗಿ ಹಾಕಿದೆ."

ಅವನಿಗೆ ಅಯ್ಯೋ ಅನಿಸಿತು. "ಮೊದಲು ಇಂಜಿನ್ನಿಗೆ ಯಾಕವ್ವ ಹಾಕಿದಿ? ನನಗ ಹಚ್ಚತಿದ್ದಿ ಅಲಾ?"

"ನಿನ್ನ ದಸ್ತಿ ಒಗೆಯಾಕಿ ನಾನು. ವಾರ ವಾರ ಹಳದಿ ಇರ್ತಿತ್ತು," ಎಂದಳು ಪೆಂಟಮ್ಮ. ದನಿಯಲ್ಲಿ ದೂರು ಇರಲಿಲ್ಲ. "ಇಂಜಿನ್ ಆದ್ರ ಒರಸ್ಕೊಳ್ಳೂದಿಲ್ಲಲ್ಲ ಅಂತ ಅದಕ್ಕ ಹಾಕಿದೆ."

ಭೀಮಶಂಕರ ಬಾನೆಟ್ ಮುಚ್ಚಿ, ಅವ್ವನ ಮುಂದೆ ತಲೆ ಬಗ್ಗಿಸಿ ನಿಂತ. ಅವಳು ಒಂದು ಹಿಡಿ ಭಂಡಾರ ತೆಗೆದು, ಬಿಟ್ಟ ವಾರಗಳದ್ದೆಲ್ಲ ಸೇರಿಸಿ ಹಣೆ ತುಂಬ ಬಳಿದಳು.

ಅಂದು ಅವನು ಗುಂಡುಮಾಲ್‌ನಿಂದಲೇ ಎಸಿ ಹಾಕಿದ. ನಾರಾಯಣಪೇಟೆಯಲ್ಲಿ ಹತ್ತಿದ ಮೇಡಂ ಕನ್ನಡಿಯಲ್ಲಿ ಅವನ ಹಣೆ ನೋಡಿ ಸೀಟಿಗೆ ಒರಗಿ ಕೂತರು. ಮಕ್ತಲ್ ದಾಟಿದರೂ ಗಾಳಿ ತಣ್ಣಗೇ ಇತ್ತು, ಒಂದು ಹನಿ ಬೆವರಿಲ್ಲ. ದಸ್ತಿ ಅವನ ಜೇಬಿನಲ್ಲಿ ಮಡಿಕೆ ಬಿಚ್ಚದೆ ಬೆಳ್ಳಗೆ ಹಾಗೇ ಇತ್ತು.