ಹುಲಿಯನ್ನು ಕರೆದದ್ದು

ಇದನ್ನು ಹೇಳಲು ನಾನು ತಕ್ಕವನಲ್ಲ. ಕಾಡಿನ ವಿಷಯವನ್ನು ಕಾಡು ಬಲ್ಲವರು ಹೇಳಬೇಕು. ನಾನು ಕೆ.ಆರ್. ನಗರದ ಕಡೆಯ ಭತ್ತದ ಬಯಲಿನವನು. ಮೈಸೂರಿನ ಒಂದು ಮರದ ಮಂಡಿಯಲ್ಲಿ ಹಗಲು ದುಡಿದು, ಸಂಜೆ ಶಾಲೆಗೆ ಹೋಗಿ, ಎರಡನೇ ಸಲಕ್ಕೆ ಎಸ್.ಎಸ್.ಎಲ್.ಸಿ. ಪಾಸು ಮಾಡಿದವನು. ಬರವಣಿಗೆಯಲ್ಲಿ ತಪ್ಪಿದ್ದರೆ ಓದುವವರು ಮನ್ನಿಸಬೇಕು. ನಡೆದದ್ದಕ್ಕೆ ಏನನ್ನೂ ಸೇರಿಸಿಲ್ಲ ಎಂದಷ್ಟೇ ಹೇಳಬಲ್ಲೆ.

೧೯೬೯ರಲ್ಲಿ ಎನ್. ಬೇಗೂರಿನ ಆಚೆ ಕಾಡಂಚಿನ ಒಂದು ಮರದ ಡಿಪೋದಲ್ಲಿ ನಾನು ಲೆಕ್ಕ ಬರೆಯುವ ರೈಟರಾಗಿದ್ದೆ. ಬಂದು ಮೂರು ತಿಂಗಳಾಗಿತ್ತು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ರೇಂಜರ್ ಚನ್ನಬಸವಣ್ಣನವರು ಒಳ್ಳೆಯ ಮಾತು ಬರೆದರೆ ಮಾತ್ರ ಆಗುತ್ತಿತ್ತು. ಅವರ ಮನೆಯಲ್ಲಿ ಒಂದು ನಾಯಿ. ಕಂದು ಮೈಯ ಮೇಲೆ ಕಪ್ಪು ಪಟ್ಟೆಗಳಿದ್ದುದರಿಂದ ಅದಕ್ಕೆ ಹುಲಿಯ ಎಂದು ಹೆಸರಿಟ್ಟಿದ್ದರು. ಅವರ ಹೆಂಡತಿ ಸುನಂದಮ್ಮನವರು ಅದಕ್ಕೆ ಅನ್ನ ಹಾಕದೆ ತಾವು ಉಣ್ಣುತ್ತಿರಲಿಲ್ಲ.

ಸಂಕ್ರಾಂತಿಗೆ ಎರಡು ವಾರ ಇದೆ ಅನ್ನುವಾಗ ರೇಂಜರು ಮೀಟಿಂಗಿಗೆಂದು ಮೈಸೂರಿಗೆ ಹೋದರು. ಹೋಗುವಾಗ ನಾಯಿಯನ್ನು ನನಗೆ ಒಪ್ಪಿಸಿದರು. ದಿನಾ ಸಂಜೆ ನಾಲ್ಕಕ್ಕೆ, ಮರ ಕಡಿಯುವ ಕೂಪಿನ ದಾರಿಯಲ್ಲಿ ಹಳ್ಳದವರೆಗೆ ನಡೆಸಿಕೊಂಡು ಹೋಗಿ ಬರಬೇಕು, ಯಾವ ಕಾರಣಕ್ಕೂ ಸರಪಳಿ ಬಿಚ್ಚಬಾರದು ಎಂದರು. ಮರದ ಗಾಡಿಗಳು ಓಡಾಡಿ ಸವೆದ ದಾರಿ ಅದು. ಏರಿಲ್ಲ, ಇಳಿಜಾರಿಲ್ಲ. ಎರಡೂ ಕಡೆ ಮತ್ತಿ, ಬಿದಿರು, ಮೇಲೆ ಚಪ್ಪರ ಹಾಕಿದಂತೆ ನೆರಳು. ಮಧ್ಯೆ ಅಲ್ಲಲ್ಲಿ ತೇಗ; ಅದರ ಎಲೆ ಉದುರಲು ಶುರುವಾಗಿ ಕಾಲಿಟ್ಟರೆ ಹಪ್ಪಳ ಮುರಿದ ಹಾಗೆ ಸದ್ದಾಗುತ್ತಿತ್ತು.

ಮೊದಲ ಎರಡು ದಿನ ಏನೂ ಆಗಲಿಲ್ಲ. ಮೂರನೆಯ ದಿನ ದಾರಿಯಲ್ಲಿ ನೋಡಿದರೆ, ಕೊರಳ ಪಟ್ಟಿ ಉಜ್ಜಿ ಹುಲಿಯನ ಕತ್ತು ಹಸಿಯಾಗಿತ್ತು. ಸರಪಳಿ ಎಳೆದಾಗಲೆಲ್ಲ ಕುಯ್ ಎನ್ನುತ್ತಿತ್ತು. ನಾನು ಒಂದು ಹತ್ತು ಹೆಜ್ಜೆಯ ಮಟ್ಟಿಗೆ ಎಂದುಕೊಂಡು ಕೊಕ್ಕೆ ಬಿಚ್ಚಿದೆ. ನಾಯಿ ಒಮ್ಮೆ ಮೈ ಕೊಡವಿ, ಮೂಗೆತ್ತಿ, ಪೊದೆಯೊಳಗೆ ನುಗ್ಗಿ ಹೋಗಿಬಿಟ್ಟಿತು. ಎಷ್ಟು ಕರೆದರೂ ಬರಲಿಲ್ಲ. ಸುನಂದಮ್ಮನವರಿಗೆ ಏನು ಹೇಳಲಿ ಎನ್ನುವುದೊಂದೇ ಆಗ ನನ್ನ ತಲೆಯಲ್ಲಿದ್ದುದು.

ದಾರಿಯಲ್ಲೇ ಮುಂದೆ ನಡೆದು ಒಂದು ತಿರುವು ದಾಟಿದ ಮೇಲೆ, ಕಾಡಿನ ಜನರ ಹಾಡಿಯ ಕೇತಿ ಕಂಡಳು. ವಯಸ್ಸಾದ ಹೆಂಗಸು, ಡಿಪೋಗೆ ನೀರು ತಂದು ಹಾಕುತ್ತಿದ್ದವಳು. ಸೀಗೆಕಾಯಿಯ ಗಂಟನ್ನು ಪಕ್ಕದಲ್ಲಿಟ್ಟುಕೊಂಡು ಹೊನ್ನೆಮರದ ಬುಡಕ್ಕೆ ಬೆನ್ನೊತ್ತಿ ಕೂತಿದ್ದಳು. ದಣಿವಾರಿಸಿಕೊಳ್ಳುತ್ತಿದ್ದಾಳೆ ಎಂದುಕೊಂಡೆ.

"ಕೇತಮ್ಮ, ಹುಲಿಯನ್ನ ನೋಡಿದ್ಯಾ?" ಎಂದು ಕೇಳಿದೆ.

ಅವಳು ಬೆಚ್ಚಿ ನನ್ನ ಮುಖ ನೋಡಿದಳು. ಧ್ವನಿ ತಗ್ಗಿಸಿ, "ಆ ಯೆಸ್ರು ಯಾಕ್ ಬುದ್ಧಿ, ನಾಯಿ ಅನ್ನಿ," ಎಂದಳು. ಆಮೇಲೆ ಗದ್ದದಿಂದಲೇ ದಾರಿ ತೋರಿಸಿ, "ಈಗ್ತಾನೆ ಓಯ್ತು. ಅಳ್ಳದ ತಾವ್ಕೆ."

ಸಾಹೇಬರ ನಾಯಿಗೆ ಅಂಥ ದೊಡ್ಡ ಹೆಸರು ಯಾಕೆ ಎಂದು ಅವಳು ಕುಟುಕುತ್ತಿದ್ದಾಳೆ ಎಂದು ನಾನು ತಿಳಿದೆ. ನಗು ಕೂಡ ಬಂತು. ನಾಯಿ ಸಿಕ್ಕೇ ಸಿಗುತ್ತದೆ ಎಂಬ ಧೈರ್ಯದಲ್ಲಿ ಹೊರಟೆ.

"ಕೂತ್ಕಳಿ ಬುದ್ಧಿ, ಒಸಿ ಒತ್ತು. ಓಯ್ಲಿ ಅದು," ಎಂದಳು.

ಕೂರಲು ಹೊತ್ತಿಲ್ಲ ಎಂದು ಹೇಳಿ ನಡೆದೆ. ನಾಲ್ಕು ಹೆಜ್ಜೆ ಹೋಗಿ, "ಹುಲಿಯಾ, ಬಾರೋ, ಬಾ" ಎಂದು ಗಟ್ಟಿಯಾಗಿ ಕೂಗಿದೆ. ಹಿಂದಿನಿಂದ ಕೇತಿ ಏನೋ ಅಂದಳು. ನಾನು ತಿರುಗಿ ನೋಡಲಿಲ್ಲ.

ಸ್ವಲ್ಪ ದೂರ ಹೋದ ಮೇಲೆ ಮುಂದೆ ತೇಗದೆಲೆಯ ಸದ್ದು ಕೇಳಿಸಿತು. ನಾಲ್ಕು ಹೆಜ್ಜೆಯ ಸದ್ದು, ಆಮೇಲೆ ಮೌನ. ನನಗೆ ಸಮಾಧಾನವಾಯಿತು. ಇನ್ನೂ ಜೋರಾಗಿ ಕರೆದೆ. ನಾನು ನಡೆದರೆ ಅದೂ ನಡೆಯುತ್ತಿತ್ತು, ನಿಂತರೆ ನಿಲ್ಲುತ್ತಿತ್ತು. ಬಿದಿರ ಮೆಳೆಯ ಸಂದಿನಲ್ಲಿ ಒಮ್ಮೆ ಕಂದು ಬಣ್ಣ ಸರಿದ ಹಾಗಾಯಿತು. ನೆರಳು ದಟ್ಟವಾಗಿತ್ತು. ಕಂಡದ್ದು ಮೈಯೋ ಒಣಗಿದ ಬಿದಿರ ಸೋಗೆಯೋ ಎಂದು ಈಗಲೂ ಆಣೆ ಮಾಡಿ ಹೇಳಲಾರೆ. ಮನೆಗೆ ಬಾ, ಅಮ್ಮನವರಿಗೆ ಹೇಳಿ ಶಾಸ್ತಿ ಮಾಡಿಸುತ್ತೇನೆ ಎಂದು ಬೈದೆ. ಬಾರೋ ರಾಜ ಎಂದು ಮುದ್ದೂ ಮಾಡಿದೆ. ಹೀಗೆ ಎಷ್ಟು ಸಲ ಕರೆದೆನೋ ತಿಳಿಯದು.

ಆಗ ಗಮನಕ್ಕೆ ಬಂತು: ಒಂದು ಹಕ್ಕಿಯ ದನಿಯೂ ಇರಲಿಲ್ಲ. ದಾರಿಯುದ್ದಕ್ಕೂ ಕೂಗಾಡುತ್ತಿದ್ದ ಮುಸುವಗಳೂ ಸುಮ್ಮನಾಗಿದ್ದವು. ನನ್ನ ಕೂಗು ನನಗೇ ಬೇರೆ ಯಾರದೋ ಎಂಬಂತೆ ಕೇಳಿಸಿತು. ಆದರೂ ನಾಯಿಯನ್ನು ಬಿಟ್ಟು ಹಿಂದಿರುಗುವುದು ಹೇಗೆ? ಇನ್ನೊಂದು ಸಲ ಕರೆದೆ.

ನನ್ನ ಮೀನಖಂಡಕ್ಕೆ ಹಿಂದಿನಿಂದ ಏನೋ ತಣ್ಣಗೆ, ಒದ್ದೆಯಾಗಿ ತಗುಲಿತು.

ಹುಲಿಯ. ಬಾಲವನ್ನು ಹೊಟ್ಟೆಯಡಿಗೆ ಸೇರಿಸಿ, ಕಿವಿ ಮಡಚಿ, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ನನ್ನ ಎರಡು ಕಾಲಿನ ನಡುವೆ ತೂರಿತು. ನಿಂತಲ್ಲೇ ಉಚ್ಚೆ ಹೊಯ್ದುಕೊಂಡಿತು. ಅದು ನನ್ನ ಕಡೆ ನೋಡಲಿಲ್ಲ. ನನ್ನ ಮುಂದಿನ ದಾರಿಯನ್ನೇ ನೋಡುತ್ತಿತ್ತು.

ಮುಂದೆ ಎಲೆಯ ಸದ್ದು ಇನ್ನೂ ಇತ್ತು. ಎರಡು ಹೆಜ್ಜೆ. ಆಮೇಲೆ ನಿಂತಿತು.

ಬಗ್ಗಿ ಕೊಕ್ಕೆ ಹಾಕಿದೆ. ಸರಪಳಿ ಗಲಗಲ ಎಂದಾಗ ಜೀವವೇ ಹೋದಂತಾಯಿತು. ಹೆಗಲ ಟವೆಲನ್ನು ಅದಕ್ಕೆ ಸುತ್ತಿ ಸದ್ದಡಗಿಸಿದೆ. ಓಡಬಾರದು ಎಂದು ಎಲ್ಲಿಯೋ ಕೇಳಿದ್ದೆ. ಮುಖ ಮುಂದಕ್ಕಿಟ್ಟುಕೊಂಡೇ ಹಿಂದೆ ಹಿಂದೆ ಹೆಜ್ಜೆಯಿಟ್ಟೆ. ನನ್ನ ಹೆಜ್ಜೆಗೆ ಎಲೆ ಮುರಿಯುತ್ತಿದ್ದುದರಿಂದ ಬೇರೆ ಯಾವ ಸದ್ದೂ ತಿಳಿಯುತ್ತಿರಲಿಲ್ಲ. ನಿಂತು ಕೇಳೋಣವೆಂದರೆ ನಿಲ್ಲುವ ಧೈರ್ಯವಿಲ್ಲ. ತಿರುವು ಬಂದಾಗ ಬೆನ್ನು ತಿರುಗಿಸಿದೆ. ಆಮೇಲೆ ಬೆನ್ನೆಲ್ಲ ಕಣ್ಣಾದ ಹಾಗಿತ್ತು.

ಹೊನ್ನೆಮರದ ಬುಡಕ್ಕೆ ಬಂದೆ. ಸೀಗೆಕಾಯಿಯ ಗಂಟು ಅಲ್ಲೇ ಇತ್ತು. ಒಂದು ಕಡೆ ಬಿಚ್ಚಿಕೊಂಡು ಕಾಯಿ ನೆಲಕ್ಕೆ ಚೆಲ್ಲಿತ್ತು. ಕೇತಿ ಇರಲಿಲ್ಲ.

ಇಲ್ಲಿಂದ ಮುಂದಿನದನ್ನು ಬರೆಯಲು ನಾಚಿಕೆಯಾಗುತ್ತದೆ. ನಾನು ಅಲ್ಲಿ ನಿಲ್ಲಲಿಲ್ಲ. ಅವಳ ಹೆಸರು ಹಿಡಿದು ಒಂದು ಸಲವೂ ಕೂಗಲಿಲ್ಲ. ಅಷ್ಟು ಹೊತ್ತು ನಾಯಿಯನ್ನು ಕರೆದ ಬಾಯಿಗೆ ಅವಳನ್ನು ಕರೆಯಲು ಆಗಲಿಲ್ಲ. ನಾಯಿ ಎಳೆಯಿತು, ನಾನೂ ಹೋದೆ. ರೇಂಜರ ಮನೆಗೆ ಹೋಗಿ ನಾಯಿಯನ್ನು ಒಪ್ಪಿಸಿದೆ. ಯಾಕೆ ಹೀಗೆ ನಡುಗುತ್ತಿದೆ ಎಂದು ಸುನಂದಮ್ಮನವರು ಕೇಳಿದರು. ಹಳ್ಳದ ನೀರಿಗೆ ಇಳಿದಿತ್ತು, ಚಳಿ ಎಂದೆ. ಅವರು ಕೊಟ್ಟ ಕಾಫಿಯನ್ನೂ ಕುಡಿದೆ. ಡಿಪೋಗೆ ಬರುವ ಹೊತ್ತಿಗೆ ಅರ್ಧ ಗಂಟೆ ಕಳೆದಿತ್ತು.

ಡಿಪೋ ವಾಚರ್ ದೊಡ್ಡಬೀರಯ್ಯನಿಗೆ ನಡೆದದ್ದನ್ನು ಹೇಳಿದೆ. ಕೇತಿಯ ಮಾತಿಗೆ ಬಂದಾಗ ಅವನು ತೊಡೆ ತಟ್ಟಿಕೊಂಡು ನಕ್ಕ. ಈ ಹಾಡಿಯವರು ಕಾಡಿನೊಳಗೆ ಹುಲಿ ಎಂಬ ಹೆಸರು ಎತ್ತುವುದಿಲ್ಲ, ಎತ್ತಿದರೆ ಕರೆದ ಹಾಗೆ ಎಂಬ ನಂಬಿಕೆ, ಅದಕ್ಕೇ ಅದನ್ನು ನಾಯಿ ಅನ್ನುತ್ತಾರೆ ಎಂದು ವಿವರಿಸಿದ.

"ರೈಟ್ರೇ, ಸಂಜೆ ಇಸ್ಕೂಲ್ನಲ್ಲಿ ಇದ್ನ ಯೋಳ್ಕೊಡ್ನಿಲ್ವಾ?" ಎಂದ.

ಗಂಟು ಬಿದ್ದಿದ್ದ ವಿಷಯವನ್ನು ಆಗ ಹೇಳಿದೆ. ಅವನ ನಗು ನಿಂತಿತು.

"ಕೇತಿ ಎಲ್ಲವ್ಳೆ?"

ಗೊತ್ತಿಲ್ಲ ಎಂದೆ.

"ನೋಡ್ನಿಲ್ವಾ ನೀವು?"

ಅವನು ಕೊಡಲಿ ತೆಗೆದುಕೊಂಡು ಎದ್ದ. ನನ್ನ ಕಡೆ ತಿರುಗಿಯೂ ನೋಡದೆ ನಡೆದ. ಅವಳು ಮನೆ ಮುಟ್ಟಿದ್ದಾಳೋ ನೋಡಲು ಹಾಡಿಯ ಕಡೆ ಹೊರಟಿದ್ದ; ನಾನು ಹಿಂದೆಯೇ ಓಡಿದೆ. ಹಾಡಿಗೆ ಹೋಗುವ ಅಡ್ಡದಾರಿ ಅರ್ಧ ಮೈಲಿಯಷ್ಟೇ, ಆದರೆ ಅವತ್ತು ಮುಗಿಯಲೇ ಇಲ್ಲ. ಹೊನ್ನೆಮರದ ಬುಡ, ಚೆಲ್ಲಿದ ಕಾಯಿ, ಇವೇ ಕಣ್ಣ ಮುಂದೆ. ಅವಳು ಕೂರು ಎಂದಿದ್ದಳು. ದಣಿದು ಕೂತಿದ್ದವಳಲ್ಲ, ಅದು ದಾಟಿ ಹೋಗಲಿ ಎಂದು ಉಸಿರು ಬಿಗಿಹಿಡಿದು ಕಾಯುತ್ತಿದ್ದವಳು. ನಾನು ಅವಳ ಮುಂದೆಯೇ ನಿಂತು ಅದನ್ನು ಬಾ ಎಂದು ಕೂಗಿದ್ದೆ.

ಹಾಡಿಯಲ್ಲಿ ಹೊತ್ತು ಮುಳುಗುವ ಮೊದಲೇ ಎಲ್ಲ ಗುಡಿಸಲುಗಳ ತಟ್ಟಿ ಮುಚ್ಚಿದ್ದವು. ಒಲೆಯ ಹೊಗೆ ಮಾತ್ರ ಏಳುತ್ತಿತ್ತು. ನನ್ನ ಕೂಗು ಅಲ್ಲಿಯವರೆಗೂ ಕೇಳಿಸಿತ್ತೆಂದು ಕಾಣುತ್ತದೆ. ದೊಡ್ಡಬೀರಯ್ಯ ಕೇತಿಯ ಗುಡಿಸಲ ಮುಂದೆ ನಿಂತು ಎರಡು ಸಲ ಕರೆದ. ಮೂರನೆಯ ಸಲಕ್ಕೆ ಒಳಗೆ ಕೆಮ್ಮಿದ ಸದ್ದಾಯಿತು.

"ಯಾರ್ ಜೊತೇಲವ್ರೆ?" ಎಂದು ಕೇತಿಯ ದನಿ ಕೇಳಿತು.

"ರೈಟ್ರು ಬಂದವ್ರೆ ಕಣಮ್ಮಿ. ನಿನ್ ಗಂಟ್ ನೋಡಿ ಎದ್ರಕಂಡವ್ರೆ."

ನಾನು ಅಲ್ಲೇ ನೆಲಕ್ಕೆ ಕೂತೆ. ತಪ್ಪಾಯಿತು ಕೇತಮ್ಮ, ನಾಯಿಯ ಹೆಸರೇ ಅದು, ನನಗೆ ಗೊತ್ತಿರಲಿಲ್ಲ ಎಂದು ತಟ್ಟಿಯ ಕಡೆ ಮುಖ ಮಾಡಿ ಹೇಳಿದೆ. ಅವಳು ತಟ್ಟಿ ಸರಿಸಲಿಲ್ಲ. ಒಳಗಿನಿಂದಲೇ ಕೇಳಿದಳು:

"ನೀವು ಕರುದ್ರಲ್ಲ ಬುದ್ಧಿ. ಬಂತಾ?"

ಇಲ್ಲ ಎಂದೆ. ಆ ಹಾಡಿಯ ಹತ್ತು ಮನೆಗಳೂ ನನ್ನ ಆ ಒಂದು ಮಾತಿಗಾಗಿಯೇ ಕಾದಿದ್ದ ಹಾಗಿತ್ತು. ಪಕ್ಕದ ಗುಡಿಸಲಿನಲ್ಲಿ ಯಾರೋ ಉಸಿರು ಬಿಟ್ಟರು. ಮರುದಿನ ಬೆಳಿಗ್ಗೆ ಹೆಂಗಸರು ಎಂದಿನಂತೆ ಅದೇ ದಾರಿಯಲ್ಲಿ ಸೌದೆಗೆ ಹೋದರು ಎಂದು ದೊಡ್ಡಬೀರಯ್ಯ ಹೇಳಿದ. ಅವರು ಹಿಂದಿರುಗುವವರೆಗೆ ನಾನು ಡಿಪೋ ಬಾಗಿಲಲ್ಲೇ ನಿಂತಿದ್ದೆ. ಎಲ್ಲರೂ ಬಂದರು.

ಆದರೆ ನಾನು ಇಲ್ಲ ಎಂದದ್ದು ನಿಜವೋ ಸುಳ್ಳೋ ನನಗೆ ತಿಳಿಯದು. ನನ್ನ ಮುಂದೆ ನಡೆಯುತ್ತಿದ್ದುದು ಏನು, ನಾನು ತಿರುವಿನಲ್ಲಿ ಬೆನ್ನು ತಿರುಗಿಸಿದ ಮೇಲೆ ಅದು ಅಲ್ಲೇ ನಿಂತಿತೋ, ಹಿಂದೆ ಬಂದಿತೋ, ಬಂದಿದ್ದರೆ ಎಲ್ಲಿಯವರೆಗೆ ಬಂದಿತೋ, ನನಗೆ ಗೊತ್ತಿಲ್ಲ.